ನಡುವಿನ ಗೋಡೆಗೊಂದು ಬಾಗಿಲು

ಒಂದು ಮನೆ ಕಟ್ಟಿಸಿ ಮುಗಿಸಿದ ಮನುಷ್ಯನನ್ನು ನಮ್ಮ ಕಡೆ ಊರಿಗೆ ಊರೇ ಎಂಜಿನಿಯರ್ ಎಂದು ತಿಳಿದುಬಿಡುತ್ತದೆ. ಬೈಲಹೊಂಗಲದ ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಹೋದ ವಾರ ಕಿತ್ತೂರಿನ ಮಾಸ್ತರರೊಬ್ಬರು ಬಸುರಿ ಮಗಳ ಕುಬಸದ ಕಾರ್ಯಕ್ಕೆ ಸೀರೆ ಕೊಳ್ಳಲು ಬಂದಿದ್ದರು. ಸೀರೆಯ ಅಂಚು ನೋಡುತ್ತಾ ನೋಡುತ್ತಾ ಮನೆಯ ಮಾತಿಗೆ ಬಂದರು. ಹೊಸ ಮನೆ ಹಿಡಿದಿದ್ದಾರಂತೆ, ಬುನಾದಿ ಮುಗಿದಿದೆಯಂತೆ. "ಏನೇನ ಇಟ್ರ ಉಪಯೋಗ ಆಕ್ಕೈತಿ, ಏನೇನ ಬಿಟ್ರ ನಡೀತೈತಿ, ನೀವ ಹೇಳ್ರಿ. ನಿಮಗ ಅನುಭವ ಐತಿ" ಎಂದರು.

ಅನುಭವ ಎಂಬ ಶಬ್ದ ಕಿವಿಗೆ ಬಿದ್ದರೆ ನನ್ನ ಎದೆ ಎರಡು ಇಂಚು ಉಬ್ಬುತ್ತದೆ. ಬಿಚ್ಚಿದ ಸೀರೆಯನ್ನು ಹಾಗೇ ಬಿಟ್ಟು ಅರ್ಧ ತಾಸು ಮಾತಾಡಿದೆ. ಬಚ್ಚಲಿನ ಇಳಿಜಾರು ಯಾವ ಕಡೆಗಿರಬೇಕು, ಮೆಟ್ಟಿಲು ಎಷ್ಟು ಎತ್ತರವಿದ್ದರೆ ಮೊಣಕಾಲು ಬೈಯುವುದಿಲ್ಲ, ಕಿಟಕಿಗೆ ಸೊಳ್ಳೆ ಜಾಳಿಗೆಯನ್ನು ಮೊದಲೇ ಕೂಡಿಸದಿದ್ದರೆ ಮುಂದೆ ಏನೇನು ಅನುಭವಿಸಬೇಕಾಗುತ್ತದೆ, ಹೊರಗಿನಿಂದ ಬಂದವರು ಕಾಲು ತೊಳೆಯಲು ಬಾಗಿಲ ಬಳಿಯೇ ಒಂದು ನಲ್ಲಿ ಯಾಕೆ ಬೇಕು, ಎಲ್ಲ ಹೇಳಿದೆ. ಮಾಸ್ತರರು ಕೈಯಲ್ಲಿದ್ದ ಯಾರದೋ ಲಗ್ನಪತ್ರಿಕೆಯ ಹಿಂದೆಯೇ ಬರೆದುಕೊಂಡರು. ಅಣ್ಣ ಗಾದಿಯ ಆ ತುದಿಯಲ್ಲಿ ಕುಳಿತು ರವಿಕೆಯ ಖಣಗಳನ್ನು ಅಟ್ಟಿ ಇಡುತ್ತಾ ಕೇಳಿಸಿಕೊಳ್ಳುತ್ತಿದ್ದ. ಮಾಸ್ತರರು ಸೀರೆ ಕಟ್ಟಿಸಿಕೊಂಡು ಹೋದ ಮೇಲೆ ತಲೆ ಎತ್ತದೆ ಒಂದು ಮಾತು ಹೇಳಿದ. "ಎಲ್ಲಾ ಹೇಳಿದಿ. ಹೇಳಬೇಕಾದ್ದೊಂದ ಬಿಟ್ಟಿ."

ಬಿಟ್ಟದ್ದು ನಿಜ. ಮಾಸ್ತರರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನೀವೇನು ಸೀರೆ ಕೊಳ್ಳಲು ಬಂದವರಲ್ಲ, ನಿಮ್ಮ ಮುಂದೆ ನನ್ನ ಮರ್ಯಾದೆ ಸ್ವಲ್ಪ ಹೋದರೂ ವ್ಯಾಪಾರಕ್ಕೆ ಧಕ್ಕೆಯಿಲ್ಲ.

ನಾವು ಇಬ್ಬರು ಅಣ್ಣ ತಮ್ಮಂದಿರು. ಗಿರಾಕಿಗಳ ಬಾಯಲ್ಲಿ ಅವನು ದೊಡ್ಡ ಸಾವ್ಕಾರ, ನಾನು ಸಣ್ಣ ಸಾವ್ಕಾರ. ಸಾವ್ಕಾರಿಕೆ ಹೆಸರಿಗೆ ಮಾತ್ರ, ಇಬ್ಬರೂ ದಿನವಿಡೀ ಬಟ್ಟೆಯ ಥಾನು ಬಿಚ್ಚುವುದು, ಸುತ್ತುವುದು. ಹಳೆಯ ಮನೆ ಊರೊಳಗಿನ ಓಣಿಯಲ್ಲಿತ್ತು. ಮಣ್ಣಿನ ಮಾಳಿಗೆಯ ಮನೆ, ಎರಡು ಮೊಳ ದಪ್ಪ ಗೋಡೆ. ಆ ಮನೆಯಲ್ಲಿ ಕಪಾಟು ಎಂಬುದೇ ಇರಲಿಲ್ಲ. ಗೋಡೆಯೊಳಗೇ ಅಲ್ಲಲ್ಲಿ ಮಾಡಗಳಿದ್ದವು, ಒಬ್ಬೊಬ್ಬರಿಗೆ ಒಂದೊಂದು. ಅಪ್ಪನ ಮಾಡದಲ್ಲಿ ಅಡಕೊತ್ತು, ಅವ್ವನ ಮಾಡದಲ್ಲಿ ಬಾಚಣಿಗೆ, ನನ್ನ ಮಾಡದಲ್ಲಿ ಗೋಲಿಗುಂಡ, ಬಳಪ, ಮತ್ತು ಒಮ್ಮೆ ಮೂರು ದಿನ ಯಾರಿಗೂ ತಿಳಿಯದಂತೆ ಒಂದು ಅಳಿಲಿನ ಮರಿ. ಅಳಿಲಿನ ಮರಿ ನಾಲ್ಕನೆಯ ದಿನ ಅವ್ವನ ಮಾಡಕ್ಕೆ ವಲಸೆ ಹೋಗಿ ಬಾಚಣಿಗೆಯ ಹಲ್ಲು ಕಡಿದದ್ದರಿಂದ ಸಿಕ್ಕಿಬಿದ್ದೆ.

ಬಾಗಿಲುಗಳೆಲ್ಲ ಗಿಡ್ಡ. ಅಣ್ಣ ಉದ್ದನೆಯ ಆಳು, ದಿನಕ್ಕೆ ಎರಡು ಸಲವಾದರೂ ಹಣೆ ಬಡಿಸಿಕೊಳ್ಳುತ್ತಿದ್ದ. ನಾನು ಗಿಡ್ಡ. ಗಿಡ್ಡನಾಗಿ ಹುಟ್ಟಿದ್ದರಿಂದ ಜೀವನದಲ್ಲಿ ನನಗೆ ಆದ ಲಾಭ ಅದೊಂದೇ. ಅಡಿಗೆಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರೊಳಗಿಂದ ಬಿಸಿಲು ಒಂದು ತಾಟಿನಷ್ಟು ಅಗಲ ನೆಲಕ್ಕೆ ಬೀಳುತ್ತಿತ್ತು. ಆ ಬಿಸಿಲು ಒಳಕಲ್ಲಿನ ಹತ್ತಿರ ಬಂತೆಂದರೆ ನಮಗೆ ಶಾಲೆಯ ಹೊತ್ತು, ಅದನ್ನು ದಾಟಿ ಗೋಡೆ ಹತ್ತಿತೆಂದರೆ ಅವ್ವನಿಗೆ ಊಟದ ಹೊತ್ತು. ಮಳೆ ಬಂದರೆ ಯಾರಾದರೂ ಮಾಳಿಗೆ ಹತ್ತಿ ಬೆಳಕಿಂಡಿಯ ಮೇಲೆ ಚಪ್ಪಡಿ ಎಳೆಯಬೇಕು. ಆ ಕೆಲಸಕ್ಕಾಗಿ ನಾನೂ ಅಣ್ಣನೂ ಜಗಳಾಡುತ್ತಿದ್ದೆವು. ನಾ ಹತ್ತುವುದಿಲ್ಲ ಎಂದಲ್ಲ, ನಾನೇ ಹತ್ತುತ್ತೇನೆ ಎಂದು. ಇಬ್ಬರ ಜಗಳ ಮುಗಿಯುವುದರೊಳಗೆ ಒಲೆ ಆರಿ, ಅವ್ವ ಇಬ್ಬರಿಗೂ ಸಮನಾಗಿ ಹಂಚುತ್ತಿದ್ದಳು. ಏನನ್ನು ಎಂದು ಕೇಳಬೇಡಿ.

ಅಪ್ಪ ಅವ್ವ ಹೋದ ಮೇಲೂ ಅದೇ ಮನೆಯಲ್ಲಿ ಎರಡು ಸಂಸಾರ ನಡೆದಿತ್ತು. ಅಣ್ಣನ ಹೆಂಡತಿ ಶಾಂತಾ ವೈನಿ, ನನ್ನ ಹೆಂಡತಿ ಸುವರ್ಣಾ. ಒಂದು ಮಳೆಗಾಲದಲ್ಲಿ ನಡುಮನೆಯ ಗೋಡೆ ಹೊಟ್ಟೆ ಮುಂದೆ ಮಾಡಿ ನಿಂತಿತು. ಮಕ್ಕಳೂ ದೊಡ್ಡವರಾಗಿದ್ದರು, ಕಾಲಿಟ್ಟಲ್ಲೆಲ್ಲ ಯಾರದೋ ಪುಸ್ತಕ, ಯಾರದೋ ಚಾರ್ಜರು. ಸವದತ್ತಿ ರಸ್ತೆಯ ಕಡೆ ಅಪ್ಪ ಕೊಂಡಿಟ್ಟ ಉದ್ದನೆಯ ಜಾಗವೊಂದಿತ್ತು. ಮುಂದೆ ಒಂದು ರಸ್ತೆ, ಹಿಂದೆ ಒಂದು ರಸ್ತೆ. ಅದನ್ನು ನಡುವೆ ಸರಿಯಾಗಿ ಕಡಿದು ಎರಡು ಮನೆ ಕಟ್ಟುವುದೆಂದು ಅಣ್ಣ ಹೇಳಿದ. ಅವನದು ಮೂಡಲ ರಸ್ತೆಗೆ ಮುಖ, ನನ್ನದು ಪಡುವಲ ರಸ್ತೆಗೆ. ಎರಡೂ ಮನೆಗಳ ಬೆನ್ನು ಒಂದಕ್ಕೊಂದು. ನಡುವೆ ಒಂದು ಗೋಡೆ. ಅಂಗಡಿ ಮಾತ್ರ ಒಂದೇ, ಗಲ್ಲಾ ಒಂದೇ. ನಮ್ಮಲ್ಲಿ ಜಗಳವೇನೂ ಇರಲಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಓಣಿಯವರು ಈ ವಿಷಯದಲ್ಲಿ ಮೂರು ಬೇರೆ ಬೇರೆ ಕತೆ ಹೇಳುತ್ತಿದ್ದರು, ಮೂರೂ ನನಗಿಂತ ಚೆನ್ನಾಗಿ ಹೇಳುತ್ತಿದ್ದರು.

ಆಮೇಲೆ ನನಗೆ ಹುಚ್ಚು ಹಿಡಿಯಿತು. ಕಿಸೆಯಲ್ಲಿ ಒಂದು ಸ್ಟೀಲಿನ ಅಳತೆಟೇಪು ಬಂದು ಕುಳಿತಿತು. ಯರಗಟ್ಟಿಯಲ್ಲಿ ಯಾರದೇ ವಾಸ್ತುಶಾಂತಿ ಇರಲಿ, ಗುರುತಿರಲಿ ಬಿಡಲಿ, ಉಡುಗೊರೆಗೆ ಒಂದು ಖಣ ಹಿಡಿದುಕೊಂಡು ಹೋಗುವವನೇ. ಉಂಡು ಕೈ ತೊಳೆಯುವ ನೆಪದಲ್ಲಿ ಮನೆ ತುಂಬ ಅಡ್ಡಾಡಿ, ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿ ಸಾಗವಾನಿಯೋ ಪ್ಲೈವುಡ್ಡೋ ಎಂದು ಕಿವಿಗೊಟ್ಟು ಕೇಳುತ್ತಿದ್ದೆ. ಬಟ್ಟೆಯನ್ನು ಎರಡು ಬೆರಳಲ್ಲಿ ತಿಕ್ಕಿ ನೂಲು ಹೇಳುವವನಿಗೆ ಕಟ್ಟಿಗೆ ತಿಳಿಯದೇ ಎಂಬ ಗರ್ವ. ಒಮ್ಮೆ ದೂರದ ಸಂಬಂಧಿಕರ ಮಗನಿಗೆ ಕನ್ಯಾ ನೋಡಲು ರಾಮದುರ್ಗಕ್ಕೆ ಹೋಗಿದ್ದೆವು. ಹುಡುಗಿ ಚಹಾ ತಂದ ಹೊತ್ತಿಗೆ ನಾನು ಅವರ ಬಚ್ಚಲಲ್ಲಿ ಮೊಣಕಾಲೂರಿ ಟೈಲ್ಸಿನ ಅಳತೆ ತೆಗೆದುಕೊಳ್ಳುತ್ತಿದ್ದೆ. ಹುಡುಗಿಯ ಅಜ್ಜ ಬಂದು ಏನಾದರೂ ಬಿತ್ತೇನು ಎಂದು ಕೇಳಿದರು. ಬರುವಾಗ ಗಾಡಿಯಲ್ಲಿ ಎಲ್ಲರೂ ಹುಡುಗಿ ಹೇಗಿದ್ದಾಳೆಂದು ಒಬ್ಬೊಬ್ಬರಾಗಿ ಹೇಳಿದರು. ನನ್ನ ಸರದಿ ಬಂದಾಗ ಎರಡು ನಲ್ಲಿ ಇವೆ, ಒಂದರಲ್ಲಿ ಬಿಸಿನೀರು ಬರುತ್ತದೆ ಎಂದೆ. ಸುವರ್ಣಾ ಮನೆ ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತಾ ಕುಳಿತಳು.

ಅಣ್ಣನೂ ಕಡಿಮೆಯೇನಲ್ಲ. ನನ್ನ ಮನೆಯ ಪಡಸಾಲೆಗೆ ಛತ್ತಿನ ಕೆಳಗೆ ಇನ್ನೊಂದು ಛತ್ತು ಬರುತ್ತದೆ, ಅದರೊಳಗೆ ಬಣ್ಣದ ದೀಪ ಬರುತ್ತವೆ ಎಂದು ತಿಳಿದ ವಾರವೇ ಅವನ ಕಾಂಪೌಂಡಿನ ಕಂಬಗಳ ಮೇಲೆ ಎರಡು ಸಿಮೆಂಟಿನ ಸಿಂಹ ಬಂದು ಕುಳಿತವು. ತಂದವರು ಅವನ್ನು ರಸ್ತೆಗೆ ಬೆನ್ನು ಮಾಡಿ ಕೂಡಿಸಿಬಿಟ್ಟರು. ಸಿಮೆಂಟು ಒಣಗಿದ ಮೇಲೆ ತಿರುಗಿಸಲು ಬರಲಿಲ್ಲ. ಆ ಸಿಂಹಗಳು ಇವತ್ತಿಗೂ ಕಳ್ಳರನ್ನು ಬಿಟ್ಟು ಅಣ್ಣನನ್ನೇ ಕಾಯುತ್ತಿವೆ. ನಾನು ನಕ್ಕೆ ಅನ್ನಬೇಡಿ. ನನ್ನ ಬಣ್ಣದ ದೀಪಗಳನ್ನು ವಾಸ್ತುಶಾಂತಿಯ ದಿನ ಒಮ್ಮೆ ಹಚ್ಚಿದೆವು. ನೀಲಿ ಬೆಳಕಿನಲ್ಲಿ ಬಂದವರೆಲ್ಲ ಜ್ವರ ಹತ್ತಿದವರಂತೆ ಕಂಡರು, ಒಬ್ಬ ಮುದುಕಿ ನನ್ನ ಹಣೆ ಮುಟ್ಟಿ ನೋಡಿದಳು. ಮಲಗುವ ಕೋಣೆಯಲ್ಲಿ ಮಂಚದ ಬದಿಗೆ ಹನ್ನೊಂದು ಗುಂಡಿ ಹಾಕಿಸಿದ್ದೇನೆ. ದೀಪ ಆರಿಸಲು ಹೋಗಿ ಫ್ಯಾನು ಆರಿಸುವುದು, ಫ್ಯಾನು ಹಚ್ಚಲು ಹೋಗಿ ಅಂಗಳದ ದೀಪ ಹಚ್ಚುವುದು ನಡೆದೇ ಇದೆ. ಕಾರು ನಿಲ್ಲಿಸಲು ಜಾಗ ಮಾಡಿಸಿದ್ದೇನೆ, ಕಾರು ಇಲ್ಲ. ಸದ್ಯಕ್ಕೆ ಅಲ್ಲಿ ಹಪ್ಪಳ ಒಣಗುತ್ತವೆ, ಅದಕ್ಕೆ ಮಾತ್ರ ಜಾಗ ಬಹಳ ಚೆನ್ನಾಗಿದೆ.

ಇಷ್ಟೆಲ್ಲದರ ನಡುವೆ ಸುವರ್ಣಾ ಕೇಳಿದ್ದು ಒಂದೇ. ಕಲ್ಲು ಬೇಡ, ಕಪಾಟು ಬೇಡ, ನಡುವಿನ ಗೋಡೆಗೆ ಒಂದು ಬಾಗಿಲು ಇಡಿಸಿ ಎಂದಳು. ಹಿತ್ತಲಿನಿಂದ ಹಿತ್ತಲಿಗೆ, ಅವಳ ಅಡಿಗೆಮನೆಯಿಂದ ವೈನಿಯ ಅಡಿಗೆಮನೆಗೆ. ಅದೇ ದಿನ ವೈನಿಯೂ ಅಣ್ಣನಿಗೆ ಅದನ್ನೇ ಹೇಳಿದ್ದಳಂತೆ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ನಾನು, ಅದೇನು ದೊಡ್ಡ ಮಾತು, ಅಣ್ಣನಿಗೆ ಹೇಳುತ್ತೇನೆ ಎಂದೆ. ಅಣ್ಣ, ಅದೇನು ದೊಡ್ಡ ಮಾತು, ತಮ್ಮನಿಗೆ ಹೇಳುತ್ತೇನೆ ಎಂದನಂತೆ.

ಹೇಳುವವನೇ ಇದ್ದೆ. ಅಷ್ಟರಲ್ಲಿ ವಾಸ್ತು ನೋಡುವವರು ಬಂದರು. ಕಿತ್ತೂರ ಕಡೆಯಿಂದ ಕರೆಸಿದ್ದೆ. ಅವರು ಮೊಬೈಲಿನಲ್ಲಿ ದಿಕ್ಕು ಹಿಡಿದು ನಡುವಿನ ಗೆರೆಯ ಮೇಲೆ ನಿಂತು, "ಇಲ್ಲೆ ಬಾಗಲಾ ಇಟ್ರ ನಿಮಗ ಮೂಡಲಕ್ಕ ಬರ್ತೈತ್ರಿ, ಲಾಭ. ನಿಮ್ಮ ಅಣ್ಣಾರಿಗೆ ಪಡುವಲಕ್ಕ ಬರ್ತೈತಿ, ಖರ್ಚ" ಎಂದರು. ಒಂದೇ ಬಾಗಿಲು, ಈ ಕಡೆಯಿಂದ ಹೋದರೆ ಲಾಭ, ಆ ಕಡೆಯಿಂದ ಬಂದರೆ ಖರ್ಚು. ನಾನು ವಾಸ್ತುವನ್ನು ಅಷ್ಟೇನೂ ನಂಬುವುದಿಲ್ಲ, ಆದರೆ ನಂಬದಿರುವಷ್ಟು ಧೈರ್ಯವೂ ಇಲ್ಲ. ನನಗೆ ಲಾಭವಾಗಿ ಅವನಿಗೆ ಖರ್ಚಾಗುವ ಬಾಗಿಲನ್ನು ನಾನಾಗಿ ಹೇಗೆ ಕೇಳಲಿ? ಅಣ್ಣನಾಗಿ ಕೇಳಿದರೆ ತಕ್ಷಣ ಹೂಂ ಅನ್ನುವುದೆಂದು ತೀರ್ಮಾನಿಸಿದೆ. ತೀರ್ಮಾನ ಬಹಳ ಒಳ್ಳೆಯದಾಗಿತ್ತು. ಅಣ್ಣ ಮಾತ್ರ ಕೇಳಲಿಲ್ಲ.

ಬೆಳಗಿನಿಂದ ಸಂಜೆಯವರೆಗೆ ನಾವಿಬ್ಬರೂ ಒಂದೇ ಗಾದಿಯ ಮೇಲೆ ಮಾರು ದೂರದಲ್ಲಿ ಕುಳಿತಿರುತ್ತೇವೆ. ಮಾತಿಗೆ ಬರವಿಲ್ಲ. ಸೂರತ್ತಿನ ಮಾಲು, ಸವದತ್ತಿಯ ಮಾರ್ಕೆಟ್ಟು, ಯಾರ ಮಗ ಯಾರ ಮಗಳು, ಎಲ್ಲ ಬರುತ್ತದೆ. ಗೋಡೆಯ ಮಾತು ಮಾತ್ರ ಗಂಟಲವರೆಗೆ ಬಂದು ಕೆಮ್ಮಾಗಿ ಹೋಗುತ್ತಿತ್ತು. ನಾನು ಕೆಮ್ಮಿದರೆ ಅಣ್ಣನೂ ಕೆಮ್ಮುತ್ತಿದ್ದ.

ಎರಡೂ ಮನೆ ಕಟ್ಟುತ್ತಿದ್ದವನು ಒಬ್ಬನೇ ಗೌಂಡಿ, ಸವದತ್ತಿಯ ಯಲ್ಲಪ್ಪ. ಗೋಡೆ ಮೊಣಕಾಲು ಮಟ್ಟ ಬಂದ ದಿನ ಅವನು ಅಂಗಡಿಗೇ ಬಂದ. ಕೈಗೆ ಸಿಮೆಂಟು ಮೆತ್ತಿದೆ ಎಂದು ಮೆಟ್ಟಿಲ ಕೆಳಗೇ ನಿಂತು, "ಸಾವ್ಕಾರ್ರ, ನಡುವಿನ ಗ್ವಾಡಿಗಿ ಬಾಗಲಾ ಬಿಡ್ಲೇನ್ರಿ?" ಎಂದು ಕೇಳಿದ. ಅಂಗಡಿಯಲ್ಲಿ ಇಬ್ಬರು ಗಿರಾಕಿ ಹೆಣ್ಣುಮಕ್ಕಳಿದ್ದರು. ಅಣ್ಣ ನನ್ನ ಕಡೆ ನೋಡಿದ. ನಾನು ಕೈಯಲ್ಲಿದ್ದ ಪಾಪ್ಲಿನ್ ನೋಡಿದೆ.

"ತಮ್ಮಗ ಕೇಳಪಾ" ಎಂದ ಅಣ್ಣ.

"ಅಣ್ಣ ಹೆಂಗ ಹೇಳ್ತಾನ ಹಂಗ" ಎಂದೆ ನಾನು.

ಯಲ್ಲಪ್ಪ ಅಣ್ಣನ ಕಡೆ ತಿರುಗಿದ. ಅಣ್ಣ, ಮನೆ ಅವನದೂ ಇದೆ, ಅವನ ಮನಸ್ಸು ಎಂದ. ಯಲ್ಲಪ್ಪ ನನ್ನ ಕಡೆ ತಿರುಗಿದ. ನಾನು, ಹಿರಿಯನಿರುವಾಗ ನಾನೇನು ಹೇಳಲಿ ಎಂದೆ. ಅವನ ಕತ್ತು ನಾಲ್ಕು ಸಲ ಆ ಕಡೆ, ಈ ಕಡೆ ಹೋಗಿ ಬಂತು. ಗಿರಾಕಿ ಹೆಣ್ಣುಮಕ್ಕಳು ಸೀರೆ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಒಬ್ಬರ ಮೇಲೊಬ್ಬರಿಗೆ ಎಷ್ಟು ಗೌರವ ಎಂದು ಅವರಲ್ಲೊಬ್ಬಳು ಅಂದೂಬಿಟ್ಟಳು. ಅದನ್ನು ಕೇಳಿ ಇಬ್ಬರಿಗೂ ಇನ್ನಷ್ಟು ಗೌರವ ಉಕ್ಕಿತು. ಯಲ್ಲಪ್ಪನಿಗೆ ಕೊನೆಗೆ ಸಾಕಾಯಿತು. ಅಣ್ಣ ಕೊಟ್ಟ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೋದ. ಎರಡು ದಿನದಲ್ಲಿ ಗೋಡೆ ಆಳೆತ್ತರ ಎದ್ದಿತು. ನಡುವೆ ಬಾಗಿಲು ಇರಲಿಲ್ಲ.

ಸುವರ್ಣಾ ಆ ಗೋಡೆಯನ್ನು ನೋಡಿದ ದಿನ, ಅಣ್ಣ ಬೇಡವೆಂದನೇ ಎಂದಷ್ಟೇ ಕೇಳಿದಳು. ಬೇಡ ಅನ್ನಲಿಲ್ಲ ಎಂದೆ. ಹಾಗಾದರೆ ನೀವು ಬೇಡ ಅಂದಿರೇ ಎಂದಳು. ನಾನೂ ಅನ್ನಲಿಲ್ಲ ಎಂದೆ. ಇಬ್ಬರೂ ಬೇಡ ಅನ್ನದೆ ಗೋಡೆ ಹೇಗೆ ಎದ್ದಿತು ಎಂದು ಕೇಳಿದಳು. ಅವಳು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.

ವಾಸ್ತುಶಾಂತಿ ಎರಡೂ ಮನೆಯದು ಒಂದೇ ದಿನ ಆಯಿತು. ಬಂದವರು ಇಲ್ಲಿ ಉಂಡು ಅಲ್ಲಿ ಎಲೆ ಅಡಿಕೆ ಹಾಕಿಕೊಳ್ಳಬೇಕಾದರೆ ಹತ್ತು ಸೈಟು ದಾಟಿ ತುದಿಗೆ ಹೋಗಿ, ತಿರುವಿ, ಮತ್ತೆ ಹತ್ತು ಸೈಟು ನಡೆದು ಬರಬೇಕಾಯಿತು. ತಿರುವಿನಲ್ಲಿ ಒಂದು ನಾಯಿ, ಅದಕ್ಕೆ ನಮ್ಮ ಸಂಬಂಧ ಗೊತ್ತಿರಲಿಲ್ಲ. ಬೀಗರೊಬ್ಬರು ಬೆವರು ಒರೆಸಿಕೊಳ್ಳುತ್ತಾ, ಮನೆ ಬಾಜೂಕ್ಕೆ ಎಂದಿರಿ, ಯಾವ ಊರಿನ ಬಾಜೂ ಎಂದು ಕೇಳಿದರು. ನಾನು ಅವರಿಗೆ ಬಣ್ಣದ ದೀಪ ತೋರಿಸಿದೆ.

ಹೊಸ ಮನೆಗೆ ಬಂದು ಎರಡು ವಾರಕ್ಕೆ ನನ್ನ ಬುತ್ತಿಯಲ್ಲಿ ಏನೋ ಬದಲಾಗಿದೆ ಅನ್ನಿಸಿತು. ಹಳೆಯ ಮನೆಯಲ್ಲಿ ರೊಟ್ಟಿಯ ಕೆಲಸ ಇಬ್ಬರದೂ ಕೂಡಿಯೇ ನಡೆಯುತ್ತಿತ್ತು. ಒಬ್ಬರು ಹಿಟ್ಟು ನಾದಿ ಬಡಿಯುವುದು, ಇನ್ನೊಬ್ಬರು ಹಂಚಿನ ಮುಂದೆ ಕುಳಿತು ಬೇಯಿಸುವುದು, ಯಾರು ಯಾವುದೆಂದು ನಾನು ನೋಡಿದವನಲ್ಲ. ಟಪಟಪ ಸಪ್ಪಳ, ನಡುವೆ ಅವರ ಮಾತು, ಮಾತಿನ ನಡುವೆ ನಗು, ಬುಟ್ಟಿ ತುಂಬ ರೊಟ್ಟಿ. ಈಗ ಒಬ್ಬೊಬ್ಬರೇ. ಅಂಗಡಿಯಲ್ಲಿ ಮಧ್ಯಾಹ್ನ ನಾವಿಬ್ಬರೂ ಬದಿಬದಿಗೆ ಕುಳಿತು ಡಬ್ಬಿ ಬಿಚ್ಚುತ್ತೇವೆ. ನನ್ನ ಡಬ್ಬಿಯ ರೊಟ್ಟಿ ಹದವಾಗಿ ಬೆಂದಿರುತ್ತಿತ್ತು, ಆದರೆ ದಪ್ಪ, ಅಂಚೆಲ್ಲ ಒಡೆದು ಒಂದೊಂದು ಕಡೆ ಒಂದೊಂದು ಆಕಾರ. ಅಣ್ಣನ ಡಬ್ಬಿಯದು ಹಾಳೆಯಷ್ಟು ತೆಳ್ಳಗೆ, ದುಂಡಗೆ, ಆದರೆ ಅರ್ಧ ಕರ್ರಗೆ. ವೈನಿ ಒಂದನ್ನು ಬಡಿಯುವುದರೊಳಗೆ ಹಂಚಿನ ಮೇಲಿನದು ಹೊತ್ತುತ್ತಿತ್ತು. ಅಣ್ಣ ನನ್ನ ಡಬ್ಬಿ ನೋಡುತ್ತಿದ್ದ, ನಾನು ಅವನ ಡಬ್ಬಿ ನೋಡುತ್ತಿದ್ದೆ. ಇಬ್ಬರೂ ಪಲ್ಯ ಬಹಳ ಚೆನ್ನಾಗಿದೆ ಎನ್ನುತ್ತಿದ್ದೆವು.

ಬೆಳಿಗ್ಗೆ ಅಡಿಗೆಮನೆಯೊಳಗೆ ಇಣುಕಿದರೆ ಸುವರ್ಣಾ ಕಟ್ಟೆಯ ಮೇಲೆ ಮೊಬೈಲ್ ಇಟ್ಟುಕೊಂಡಿರುತ್ತಿದ್ದಳು. ಅದರೊಳಗಿಂದ ಮಾತು ಬರುತ್ತಿರಲಿಲ್ಲ, ಟಪಟಪ ಎಂಬ ಸಪ್ಪಳ ಬರುತ್ತಿತ್ತು. ಗೋಡೆಯ ಆಚೆ ವೈನಿ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ಅದು. ಇಷ್ಟು ಹತ್ತಿರವಿದ್ದು ಫೋನಿನಲ್ಲೇನು ಎಂದು ನಾನು ಚೇಷ್ಟೆ ಮಾಡಿದೆ. ಅವಳು ತಿರುಗಿ ನೋಡಲಿಲ್ಲ. ಆಗಲೇ ನನಗೆ ತಿಳಿಯಬೇಕಾಗಿತ್ತು, ತಿಳಿಯಲಿಲ್ಲ.

ಆಮೇಲೆ ಒಂದು ದಿನ ಡಬ್ಬಿ ಬಿಚ್ಚಿದರೆ ನನ್ನ ರೊಟ್ಟಿ ತೆಳ್ಳಗಿತ್ತು, ದುಂಡಗಿತ್ತು, ಚೆನ್ನಾಗಿ ಬೆಂದಿತ್ತು. ಖುಷಿಯಿಂದ ಅಣ್ಣನ ಡಬ್ಬಿಯತ್ತ ನೋಡಿದೆ. ಅವನದೂ ಹಾಗೇ ಇತ್ತು. ಒಂದನ್ನು ಮುರಿದರೆ ಕಟಕ್ ಎಂದಿತು. ಎರಡೂ ಪೇಟೆಯ ರೊಟ್ಟಿ, ಕಟ್ಟುಕಟ್ಟಾಗಿ ಮಾರುತ್ತಾರಲ್ಲ, ಅವು. ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಊರಲ್ಲಿಲ್ಲದಾಗ ಅವಲಕ್ಕಿ ತಿಂದಿದ್ದೇವೆ, ಉಪವಾಸ ಇದ್ದಿದ್ದೇವೆ, ರೊಟ್ಟಿ ಕೊಂಡು ತಿಂದದ್ದಿಲ್ಲ. ಅಣ್ಣ ಒಂದು ರೊಟ್ಟಿ ತಿಂದು ಉಳಿದವನ್ನು ಹಾಗೇ ಮುಚ್ಚಿದ. ಆ ಮಧ್ಯಾಹ್ನ ಪಲ್ಯದ ಮಾತೂ ಬರಲಿಲ್ಲ.

ಸಂಜೆ ಮನೆಗೆ ಹೋದವನೇ ಸಾವ್ಕಾರಿಕೆಯ ದನಿ ತೆಗೆದು ಕೇಳಿದೆ, ರೊಟ್ಟಿ ಕೊಂಡು ತರುವಂಥದ್ದು ಏನು ಬಂತು ಎಂದು. ಇಪ್ಪತ್ತನಾಲ್ಕು ವರ್ಷ ನನ್ನ ಹೆಂಡತಿ ಹಾಳೆಯಂಥ ರೊಟ್ಟಿ ಮಾಡುತ್ತಾಳೆಂದು ಊರ ತುಂಬ ಹೇಳಿಕೊಂಡು ಬಂದಿದ್ದೇನೆ, ಈಗ ಆ ಕೈಗೆ ಏನಾಯಿತು ಎಂದೂ ಕೇಳಿದೆ. ಸುವರ್ಣಾ ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟಳು.

"ನನಗ ರೊಟ್ಟಿ ಬಡೀಲಿಕ್ಕೆ ಬರೂದಿಲ್ರಿ. ಎಂದೂ ಬರ್ತಿದ್ದಿಲ್ಲ" ಎಂದಳು.

ನಾನು ನಗಲು ಬಾಯಿ ತೆರೆದವನು ಮುಚ್ಚಿಕೊಂಡೆ. ಅವಳು ಸಣ್ಣವಳಿದ್ದಾಗಲೇ ತಾಯಿ ಇಲ್ಲ, ಹಾಸ್ಟೆಲಿನಲ್ಲಿದ್ದು ಓದಿದವಳು. ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ನಮ್ಮ ಅವ್ವ ಹಿಟ್ಟು ನಾದುವ ಅಗಲವಾದ ಪರಾತವನ್ನು ಹೊಸ ಸೊಸೆಯ ಮುಂದಿಟ್ಟು ದೇವರ ಕೋಣೆಗೆ ಹೋದಳಂತೆ. ಇವಳು ನೀರು ಎಷ್ಟು ಹಾಕಬೇಕೆಂದು ತಿಳಿಯದೆ ತಂಬಿಗೆ ಹಿಡಿದು ಕುಳಿತಿದ್ದಳು. ವೈನಿ ಒಮ್ಮೆ ಮುಖ ನೋಡಿದವಳೇ ಪರಾತವನ್ನು ತನ್ನ ಕಡೆ ಎಳೆದುಕೊಂಡು, ನೀನು ಹಂಚಿನ ಮುಂದೆ ಕೂಡು, ಅತ್ತೆ ಕೇಳಿದರೆ ಇಬ್ಬರೂ ಕೂಡಿ ಮಾಡಿದೆವು ಅನ್ನು ಎಂದಳಂತೆ. ಆ ಒಂದು ಬೆಳಗಿನ ಉಪಾಯ ಇಪ್ಪತ್ತನಾಲ್ಕು ವರ್ಷ ನಡೆಯಿತು. ಅವ್ವ ಬಂದವರ ಮುಂದೆ ಸಣ್ಣ ಸೊಸೆಯ ರೊಟ್ಟಿಯನ್ನು ಹೊಗಳುತ್ತಲೇ ತೀರಿಕೊಂಡಳು. ವೈನಿ ಒಂದು ದಿನವೂ, ಸಿಟ್ಟಿನಲ್ಲಿಯೂ, ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

"ನಿಮ್ಮ ಅವ್ವಾರಿಗೂ ತಿಳೀಲಿಲ್ಲ, ನಿಮಗೂ ತಿಳೀಲಿಲ್ಲ" ಎಂದಳು ಸುವರ್ಣಾ. "ತಿಳಿದಾಕಿ ಒಬ್ಬಾಕಿನ ಇದ್ಲು. ಆಕಿನ್ನ ಗ್ವಾಡಿ ಆಚೆ ಇಟ್ರಿ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡುವ ಕೆಲಸವಾದರೂ ಸಿಗುತ್ತಿತ್ತು. ರೊಟ್ಟಿಯ ಮಾತು ಬಿಡಿ, ಅದನ್ನು ಕೊಂಡು ತರಬಹುದು, ಬೆಳಿಗ್ಗೆ ಎದ್ದರೆ ಮಾತಾಡಲು ಯಾರೂ ಇಲ್ಲ ಎಂದಳು. ನನಗೆ ಬಹಳ ನಾಚಿಕೆಯಾಯಿತು. ಊರಿನ ಬಾಗಿಲನ್ನೆಲ್ಲ ತಟ್ಟಿ ಒಳಗೆ ಯಾವ ಕಟ್ಟಿಗೆ ಇದೆಯೆಂದು ಹೇಳುತ್ತಿದ್ದ ಮನುಷ್ಯನಿಗೆ ತನ್ನ ಅಡಿಗೆಮನೆಯೊಳಗೆ ಏನಿದೆಯೆಂದು ಗೊತ್ತಿರಲಿಲ್ಲ.

ಮರುದಿನ ಅಂಗಡಿಯ ಬಾಗಿಲು ತೆಗೆದು, ಊದುಬತ್ತಿ ಹಚ್ಚಿ, ಗಾದಿಯ ಮೇಲೆ ಕುಳಿತೆ. ಕೆಮ್ಮು ಬಂತು. ಅದನ್ನು ನುಂಗಿ, ಅಣ್ಣನ ಮುಖ ನೋಡದೆ ಅಂದುಬಿಟ್ಟೆ, "ಅಣ್ಣಾ, ಆ ಗ್ವಾಡಿ ಒಡಸೂಣು. ಬಾಗಲಾ ಬೇಕು."

ಅಣ್ಣ ಕೈಯಲ್ಲಿದ್ದ ಥಾನನ್ನು ಸುತ್ತಿ ಬದಿಗಿಟ್ಟ. ಆಮೇಲೆ ನಿಧಾನವಾಗಿ ಹೇಳಿದ. "ದೊಡ್ಡಾಂವ ಕೇಳಿದರ ಅದು ಹುಕುಂ ಆಕ್ಕೈತಿ. ಬ್ಯಾರೆ ಮಾಡಿನೂ ನನ್ನ ಮನಿ ಮ್ಯಾಲ ಕಣ್ಣ ಇಟ್ಟಾನ ಅಂತ ನಿನಗ ಅನಸಬಾರದು. ನಿನ್ನ ಬಾಯಾಗ ಬರಲಿ ಅಂತ ಕುಂತಿದ್ದೆ."

ನಾನು ವಾಸ್ತುವಿನ ಮಾತು ಹೇಳಿದೆ. ನನಗೆ ಲಾಭ, ನಿನಗೆ ಖರ್ಚು ಎಂದಿದ್ದರು, ಅದಕ್ಕೇ ಬಾಯಿ ಬರಲಿಲ್ಲ ಎಂದೆ. ಅಣ್ಣ ನನ್ನನ್ನು ಚಿಕ್ಕಂದಿನಲ್ಲಿ ಮಾಳಿಗೆಯ ಮೇಲಿನಿಂದ ನೋಡುತ್ತಿದ್ದ ಹಾಗೆ ನೋಡಿದ.

"ಹುಚ್ಚಾ, ಗಲ್ಲಾ ಒಂದ ಐತಲ್ಲೋ. ನಿನ್ನ ಲಾಭರ ಎಲ್ಲಿ ಹೋಗ್ತೈತಿ, ನನ್ನ ಖರ್ಚರ ಎಲ್ಲಿಂದ ಬರ್ತೈತಿ?"

ಇಬ್ಬರಿಗೂ ನಗು ಬಂತು. ಅವನಿಗೆ ಕಣ್ಣಲ್ಲಿ ನೀರೂ ಬಂತು, ಊದುಬತ್ತಿಯ ಹೊಗೆ ಎಂದ. ಇರಬಹುದು.

ಯಲ್ಲಪ್ಪ ಎರಡು ದಿನ ಬಿಟ್ಟು ಬಂದ. ಒಮ್ಮೆ ನಮ್ಮ ಗೌರವದ ರುಚಿ ನೋಡಿದವನಾದ್ದರಿಂದ ಈ ಸಲ ನಮ್ಮಿಬ್ಬರನ್ನೂ ಏನೂ ಕೇಳಲಿಲ್ಲ. ನೆಟ್ಟಗೆ ಹಿತ್ತಲಿಗೆ ಹೋಗಿ, "ಎಷ್ಟ ಅಗಲ ಬೇಕ್ರೆವ್ವಾ?" ಎಂದು ವೈನಿಯನ್ನು ಕೇಳಿದ. ನಾನು ಟೇಪು ತೆಗೆದೆ. ಯಾರೂ ಅದನ್ನು ನೋಡಲಿಲ್ಲ. ವೈನಿ ಒಳಗಿನಿಂದ ಪರಾತ ತಂದು ಸೊಂಟದ ಮೇಲಿಟ್ಟುಕೊಂಡು ಗೋಡೆಯ ಮುಂದೆ ನಿಂತಳು. ಇಷ್ಟು ಎಂದಳು. ಯಲ್ಲಪ್ಪ ಅವಳ ಎರಡೂ ಬದಿಗೆ ಇದ್ದಿಲಿನಿಂದ ಗೆರೆ ಎಳೆದ. ಸಂಜೆಯ ಹೊತ್ತಿಗೆ ಆ ಹಿತ್ತಲಿನ ತುಳಸಿ ಈ ಹಿತ್ತಲಿಗೆ ಕಾಣುತ್ತಿತ್ತು. ಚೌಕಟ್ಟು ಯಾವ ಕಟ್ಟಿಗೆಯದು, ಕದ ಎಂಥದು ಎಂದು ನಾನೂ ಅಣ್ಣನೂ ಒಟ್ಟಿಗೇ ಬಾಯಿ ತೆರೆದೆವು. ವೈನಿ ಕದವೇ ಬೇಡ ಎಂದಳು. ಕದ ಹಾಕಿದರೆ ಮುಂದೆ ಎಂದಾದರೂ ಅದು ಮುಚ್ಚಿಕೊಳ್ಳುತ್ತದೆ, ಆಗ ಯಾರು ತೆಗೆಯಬೇಕು ಎಂದು ನೀವಿಬ್ಬರೂ ಮತ್ತೆ ಗೌರವ ತೋರಿಸುತ್ತಾ ಕೂಡುತ್ತೀರಿ ಎಂದಳು. ಯಲ್ಲಪ್ಪ ಆ ಕಡೆ ತಿರುಗಿ ನಕ್ಕ.

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುವ ನೆಪದಲ್ಲಿ ಹಿತ್ತಲಲ್ಲೇ ನಿಂತಿದ್ದೆ. ಒಡೆದ ಗೋಡೆಯ ನಡುವಿನಿಂದ ವೈನಿ ಪರಾತ ಹೊತ್ತು ಬಂದಳು. ಹೊಸ ಅಡಿಗೆಮನೆಯಲ್ಲಿ ಕೂಡಲು ಜಾಗವಿಲ್ಲ, ಎಲ್ಲವೂ ನಿಂತು ಮಾಡುವಂಥದ್ದು, ಅದೂ ನಾನು ಯಾರದೋ ಮನೆಯಲ್ಲಿ ನೋಡಿ ಅಳೆದು ತಂದದ್ದು. ವೈನಿ ಕಟ್ಟೆಯ ಕಲ್ಲಿನ ಮೇಲೆ ಕೈಯಾಡಿಸಿ, ಹಿಟ್ಟು ನಾದಿ, ಒಂದು ಉಂಡೆ ಮಾಡಿ ಸುವರ್ಣಾಳ ಮುಂದೆ ಸರಿಸಿದಳು.

"ಬಾ, ಇವತ್ತರ ಬಡಿಯೂದು ಕಲಸ್ತೇನಿ. ಈಗ ನೋಡಾಕ ಅತ್ತಿನೂ ಇಲ್ಲ" ಎಂದಳು.

ಸುವರ್ಣಾ ಉಂಡೆಯನ್ನು ಹಾಗೇ ತಿರುಗಿ ಅವಳ ಕಡೆ ಸರಿಸಿ, ಹಂಚು ಒಲೆಯ ಮೇಲಿಟ್ಟಳು.

"ಬ್ಯಾಡ ಅಕ್ಕಾ. ನಾ ಕಲತರ ನಾಳಿ ನೀ ಬರೂದಿಲ್ಲ."